ಹನ್ನೊಂದು ರೂಪಾಯಿ

ತಿಂಗಳ ಕೊನೆ. ಊಟ ಮುಗಿದಿದೆ.
ಚಾಪೆಯ ಮೇಲೆ ಲಾಂಗ್‌ಬುಕ್ಕು ಬಿಚ್ಚಿಕೊಂಡು
ಕೂಡುತ್ತೇನೆ, ಮತ್ತೆ ಕೂಡುತ್ತೇನೆ,
ಮೇಲಿಂದ ಕೆಳಕ್ಕೊಮ್ಮೆ, ಕೆಳಗಿಂದ ಮೇಲಕ್ಕೊಮ್ಮೆ.
ಪುಸ್ತಕದಲ್ಲಿ ಇರುವಷ್ಟು ಡಬ್ಬಿಯಲ್ಲಿಲ್ಲ.
ಹನ್ನೊಂದು ರೂಪಾಯಿ ಕಡಿಮೆ.

ಕೋಲಾರದ ಟೊಮೆಟೊ ಮಂಡಿಯಲ್ಲಿ ನಾನು ರೈಟರು.
ಬೆಳಗಿನ ಹರಾಜಿನ ಆ ಗದ್ದಲದಲ್ಲಿ
ಬಾಕ್ಸೆಷ್ಟು, ರೇಟೆಷ್ಟು, ಕಮಿಷನ್ ಎಷ್ಟು, ಹಮಾಲಿ ಎಷ್ಟು,
ಯಾರದೋ ಲಕ್ಷಗಳು ನನ್ನ ಪೆನ್ನಿನ ತುದಿಯಿಂದಿಳಿದು
ಯಾರದೋ ಜೇಬಿಗೆ ಹೋಗುತ್ತವೆ.
ಹದಿನಾಲ್ಕು ವರ್ಷ. ಒಂದು ಪಟ್ಟಿಯೂ ವಾಪಸ್ಸು ಬಂದಿಲ್ಲ.
ಮನೆಯ ಲೆಕ್ಕ ಮಾತ್ರ ಬೆಕ್ಕು;
ಎಲ್ಲಿ ಹೋಗಿ ಬಂತೆಂದು ಹೇಳುವುದಿಲ್ಲ.

ಹೊಸತೊಡಕಿನ ಮಟನ್ ಖರ್ಚಿಗೆ ಜಗಳವಾಗಿ
ಶುರುವಾದ ಪುಸ್ತಕ ಇದು.
ಗೆರೆ ಎಳೆದವಳು ಅಲಮೇಲು,
ಟೇಲರ್ ಚಾಕು ಹಿಡಿದ ಕೈ, ಸ್ಕೇಲು ಬೇಕಿಲ್ಲ.
ಬಾಡಿಗೆ, ಹಾಲು, ಗ್ಯಾಸು, ಸಂಘದ ಕಂತು,
ಚೀಟಿ, ಹುಡುಗನ ವ್ಯಾನು,
ನಮ್ಮಮ್ಮನ ಬಿ.ಪಿ. ಮಾತ್ರೆ.
ತರಕಾರಿಯಿಂದ ಬೇರೆ ಮಾಡಿ ಟೊಮೆಟೊಗೊಂದು ಸಾಲು:
ಮಂಡಿಯಲ್ಲಿ ಆರಿಸಿ ಬಿಟ್ಟದ್ದು ತಂದರೆ ಸೊನ್ನೆ.
ರೇಟು ಏರಿದ ವಾರ ಧಣಿ ಅದನ್ನೂ ಮುಟ್ಟಗೊಡುವುದಿಲ್ಲ;
ಆಗ ಊರಿಗೆಲ್ಲ ಸಾರಿಗೆ ಹುಣಸೆಹಣ್ಣೇ ಗತಿ, ನಮಗೂ.
ಕೊನೆಯ ಸಾಲು: ಇತರೆ.

"ಹನ್ನೊಂದಕ್ಕೆ ಯಾಕೆ ತಲೆ ಕೆಡಿಸ್ಕೋತೀರ,
ಇತರೆಗೆ ಬರೀರಿ, ಲೈಟ್ ಆರಿಸಿ."
ನಾನು ಬರೆಯುವುದಿಲ್ಲ.
ಇತರೆ ಅನ್ನುವುದು ಅಟ್ಟ ಕಣೇ,
ಹತ್ತಿಸಿದ್ದು ಯಾವತ್ತಾದರೂ ಇಳಿದು ಬಂದಿದೆಯಾ?
ಮೇ ತಿಂಗಳಲ್ಲಿ ಅಲ್ಲಿಗೆ ಹೋದದ್ದು ಇನ್ನೂರ ಅರವತ್ತು.
ನನ್ನ ಬೀಡಿಯೂ ಅದರಲ್ಲೇ ಇತ್ತು,
ಅದು ಬೇರೆ ಮಾತು.

ನಿನ್ನೆ ರಾತ್ರಿ ಸರಿಯಿತ್ತು. ಹಾಗಾದರೆ ಇವತ್ತಿನದೇ.
ಕ್ಲಾಕ್ ಟವರ್ ಹತ್ತಿರ ಟೀ, ಹನ್ನೆರಡು. ಬರೆದಿದೆ.
ಗಾಡಿಗೆ ಗಾಳಿ, ಹತ್ತು. ಬರೆದಿದೆ.
ಹುಡುಗನಿಗೆ ಗ್ರಾಫ್ ಹಾಳೆ, ಐದು.
ಕೊತ್ತಂಬರಿ ಕಟ್ಟು ಹತ್ತು; ಕರಿಬೇವು ಕೊಸರು, ಅದಕ್ಕೆ ಲೆಕ್ಕವಿಲ್ಲ.
ಹನ್ನೊಂದು ಯಾವುದರ ಬೆಲೆ?
ಯಾವ ಅಂಗಡಿಯವನೂ ಹನ್ನೊಂದು ಕೇಳುವುದಿಲ್ಲ.
ಹತ್ತು ವ್ಯಾಪಾರದ್ದು. ಮೇಲಿನ ಆ ಒಂದು
ಮುಯ್ಯಿಯದು, ತಾಂಬೂಲದ್ದು,
ಒಳ್ಳೇದಾಗಲಿ ಅನ್ನುವುದರದು.
ಯಾರಿಗೋ ಕೊಟ್ಟಿದ್ದೀಯ, ಎಂದೆ.

ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದವಳು ತಲೆ ಎತ್ತಲಿಲ್ಲ.
"ರುಖಿಯಾ ಅಂಗಡಿ ಹಾಕಿದ್ಲು ಇವತ್ತು.
ನಮ್ಮ ಬೀದಿ ಕೊನೇಲೇ, ಹಾಲಿನ ಬೂತ್ ಪಕ್ಕ.
ಬೆಳಗ್ಗಿಂದ ಬಾಗಿಲಲ್ಲಿ ಕೂತಿತ್ತು ಹುಡುಗಿ, ಒಬ್ಬರೂ ಹೋಗಿಲ್ಲ.
ನನ್ನ ರವಿಕೇದೇ ಒಂದು ಹುಕ್ ಕಿತ್ಕೊಂಡು ಹೋದೆ.
ಹಾಕಿಕೊಟ್ಲು. ಹತ್ತು ರೂಪಾಯಿ ಅಂದ್ಲು,
ನನ್ನ ಮುಖ ನೋಡದೆ.
ಬೋಣಿ ಅಲ್ವಾ."

ಎರಡು ವರ್ಷ ಇದೇ ಚಾಪೆಯಲ್ಲಿ ಕೂತು
ಕಾಜ ಹೊಲಿದು ಕಲಿತವಳು.
ಫಾಲ್ಸು, ಜಿಗ್‌ಜಾಗು, ಸ್ಕೂಲ್ ಯೂನಿಫಾರ್ಮಿನ ಸೀಸನ್ನು,
ನನ್ನೊಳಗಿನ ರೈಟರು ಆಗಲೇ ಕಳೆಯತೊಡಗಿದ್ದ:
ಮುಂದಿನ ತಿಂಗಳು ಹೊಲಿಗೆಯಿಂದ ಎಂಟುನೂರು ಕಮ್ಮಿ,
ಸಾವಿರವೇ ಇರಬಹುದು.
ಅಲಮೇಲುಗೆ ಈ ಕಳೆಯುವ ಲೆಕ್ಕ ಬಾರದೇನು?
ಗೆರೆ ಎಳೆದವಳೇ ಅವಳು.

ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.
ಹೊರಗೆ ಲೋಡು ತುಂಬಿದ ಲಾರಿಯೊಂದು
ಚೆನ್ನೈ ದಿಕ್ಕಿಗೆ ಗೇರು ಬದಲಿಸಿತು.
ಬಟ್ಟೆಬರೆಗೆ ಸೇರಿಸಿದರೆ ಸುಳ್ಳಾಗುತ್ತದೆ,
ಇತರೆಗೆ ಹಾಕಿದರೆ ಕಳೆದುಹೋಗುತ್ತದೆ.
ಕೆಳಗೆ ಜಾಗವಿರಲಿಲ್ಲ.
ಅಂಚಿನಲ್ಲಿ, ಅಡ್ಡಡ್ಡ, ಬರೆದೆ:
ಬೋಣಿ. ಹನ್ನೊಂದು.
ಲೆಕ್ಕ ಸರಿಹೋಯಿತು.

ಮುಂದಿನ ಹಾಳೆ ತಿರುವಿ, ಆದಾಯದ ಕಡೆ,
ಹೊಲಿಗೆಯ ಎದುರು
ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಇಟ್ಟೆ, ಸಣ್ಣದಾಗಿ.
ಅವಳು ಬಗ್ಗಿ ನೋಡಿದಳು.
"ಇನ್ನೂ ಇನ್ನೂರು ಇಳಿಸಿ" ಅಂದಳು,
"ಅವಳ ಕೈ ಚೆನ್ನಾಗಿದೆ."