ಏಳಕ್ಕೆ ಒಂದು

ಮಾಂಜರಿಯ ಹೊಲದಲ್ಲಿ ಸಂಜೆ ನಾಲ್ಕರ ಮೇಲೆ
ಶೇವಂತಾಬಾಯಿ ಮೊಗ್ಗು ಬಿಡಿಸುತ್ತಾಳೆ.
ನಾಳೆ ಅರಳಬೇಕಾದದ್ದು, ಇವತ್ತಿನ್ನೂ ತಿಳಿಹಳದಿ.
ಚಿಮಟದ ತುದಿಯಿಂದ ಕೇಸರದ ಕೊಳವೆ ಎಳೆದು ಬಿಸಾಕಿ
ನಡುವಿನ ಹಸಿರು ಸೂಜಿಯೊಂದನ್ನೇ ಉಳಿಸುತ್ತಾಳೆ.
ಗಂಡು ಕಿತ್ತ ಹೂವಿಗೆ ಕೆಂಪು ದಾರ.
ಲೆಕ್ಕ ಬಾಯಲ್ಲೇ: ಸತ್ತಾವೀಸ್, ಅಠ್ಠಾವೀಸ್...
ಎಣಿಕೆ ತಪ್ಪಿದರೆ ನನ್ನತ್ತ ನೋಡುತ್ತಾಳೆ,
ನಾನೇ ಮಾತಾಡಿಸಿದೆ ಅನ್ನುವ ಹಾಗೆ.

ಬೆಳಿಗ್ಗೆ ಬರುವುದು ಬೆರಳಿಗೆ ಉಂಗುರ ಹಾಕಿಕೊಂಡು.
ಅದರಲ್ಲಿ ಹರಳಿಲ್ಲ, ಪುಟ್ಟ ಬಟ್ಟಲು;
ರಾತ್ರಿಯೆಲ್ಲ ಬಲ್ಬಿನಡಿ ಒಣಗಿದ ಪರಾಗ,
ಬೇರೊಂದು ಸಾಲಿನ ಗಂಡಿನದು.
ಹೂವಿನ ಸೂಜಿಯನ್ನು ಅದರಲ್ಲಿ ಅದ್ದುತ್ತಾಳೆ, ಒಂದೇ ಸಲ.
ಆಮೇಲೆ ತೊಟ್ಟಿನ ಬಳಿಯ ಎರಡು ಹಸಿರು ಕಿವಿ ಕತ್ತರಿಸುತ್ತಾಳೆ,
ಹಣ್ಣಾದ ಮೇಲೂ ಗುರುತಿರಲಿ ಎಂದು,
ಹಿಂಡಿನಲ್ಲಿ ನಮ್ಮ ಕುರಿ ಯಾವುದೆಂದು ತಿಳಿಯುವ ಹಾಗೆ.

ಹೀಗೆ ಕೂಡಿಸಿದ ಒಂದು ಜೋಡಿ.
ತಾಯಿ, ಬೇರಿನ ಸೊರಗು ತಡೆಯುವವಳು, ಕಾಯಿ ಮಾತ್ರ ಗೋಲಿಯಷ್ಟು.
ತಂದೆ ದಪ್ಪ ತೊಗಲಿನವನು, ತೊಟ್ಟನ್ನು ಗಿಡದಲ್ಲೇ ಬಿಟ್ಟು ಬರುವವನು
(ತೊಟ್ಟಿದ್ದರೆ ಲಾರಿಯಲ್ಲಿ ಪಕ್ಕದವನ ಹೊಟ್ಟೆ ತಿವಿಯುತ್ತದೆ).
ಅಜ್ಜಿ ಇದನ್ನು ಚಪ್ಪರಬದನೆ ಅನ್ನುತ್ತಿದ್ದಳು.
ಕಾಲೇಜಿನಲ್ಲಿ ಮೂರು ವರ್ಷ ಓದಿ
ಅವಳು ಹೇಳಿದ್ದು ಸರಿ ಎಂದು ತಿಳಿದುಕೊಂಡೆ.

ಆ ಜೋಡಿಯ ಆರನೇ ತಲೆಮಾರು, ಇನ್ನೂರ ಹನ್ನೆರಡು ಸಾಲು,
ಈ ಆಷಾಢದಲ್ಲಿ ಮಳೆಗೆ ನಿಂತಿತು.
ಮೊದಲು ಬಿಳಿನೊಣ. ಎಲೆ ಮುದುಡಿ ಅರ್ಧ ಹೋಯಿತು.
ಆಮೇಲೆ ಒಂಬತ್ತು ದಿನ ಬಿಡದ ಮಳೆ.
ಪರಾಗ ಹೂವಿನೊಳಗೇ ಮುದ್ದೆಯಾಯಿತು.
ಕೆಲವು ಗಿಡ ಹಸಿರಾಗಿಯೇ ಜೋತುಬಿದ್ದವು,
ಸತ್ತದ್ದು ತಮಗಿನ್ನೂ ಗೊತ್ತಿಲ್ಲದ ಹಾಗೆ.
ಕಿತ್ತೆವು, ಗೋಣಿಯಲ್ಲಿ ತುಂಬಿ ಹೊರಗೆ ಸಾಗಿಸಿದೆವು.
ಹತ್ತು ವರ್ಷದಿಂದ ನನ್ನ ಕಸುಬು ಇದೇ, ಕಿತ್ತೆಸೆಯುವುದು.
ಯಾರಾದರೂ ಕೇಳಿದರೆ
ಬೆಳೆಸುತ್ತೇನೆ ಅನ್ನುತ್ತೇನೆ.

ಗಣಪತಿ ಮುಳುಗಿಸಿದ ಮರುದಿನ ಮೂರು ಸಾಲು ನಿಂತಿದ್ದವು.
ಒಂದರ ಹಣ್ಣು ತೊಟ್ಟಿನ ಸುತ್ತ ಬಿರಿದಿತ್ತು.
ಒಂದು ಹೊರಗೆ ಚೆಲುವೆ, ಒಳಗೆ ಟೊಳ್ಳು.
ನೂರ ನಲವತ್ತೇಳನ್ನು ಎದೆಯೆತ್ತರದಿಂದ ಸಿಮೆಂಟಿಗೆ ಬಿಟ್ಟೆ.
ಟಪ್ ಎಂದಿತು, ಉರುಳಿತು, ಸೀಳಲಿಲ್ಲ.
ಇನ್ನೊಮ್ಮೆ ಬಿಟ್ಟೆ.
ಮೂರನೇ ಸಲ ಶೇವಂತಾಬಾಯಿ ಕೈಯಿಂದ ಕಸಿದುಕೊಂಡಳು,
ತಿನ್ನುವ ವಸ್ತು, ಸಾಹೇಬ.

ಚಾಕಣದ ಸಾಸ್ ಕಾರ್ಖಾನೆಯಿಂದ ಫ್ರೇನಿ ಮೇಡಮ್ ಬಂದರು.
ಗಾಜಿನ ಮೇಲೆ ಒಂದು ಹನಿ ರಸ, ಬೆಳಕಿಗೆ ಹಿಡಿದು,
ಒಂದು ಕಣ್ಣು ಮುಚ್ಚಿ: "ನಾಲ್ಕು."
ಕೈ ಒರೆಸಿಕೊಂಡು: "ಐದಾಗಲಿ, ಮಾತಾಡೋಣ."
ಚಹಾದ ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದರು.
ಇಪ್ಪತ್ತೆಂಟಕ್ಕೆ ಬತ್ತಿಸಬೇಕು. ನಾಲ್ಕಿದ್ದರೆ
ಏಳು ಕಿಲೋ ಹಣ್ಣಿಗೆ ಪೇಸ್ಟು ಒಂದು ಕಿಲೋ.
ಮಿಕ್ಕ ಆರು ಬರೀ ನೀರು.
ನೀರು ಹಾರಿಸಲು ನಾವು ಕಲ್ಲಿದ್ದಲು ಸುಡಬೇಕಲ್ಲ?

ಆ ನೀರು ಯಾವುದೆಂದು ನನಗೆ ಗೊತ್ತು.
ಒಂಬತ್ತು ದಿನ ನನ್ನ ಕೊಡೆಯ ಮೇಲೆ ಬಿದ್ದದ್ದೇ.
ಸಾಯಬಾರದೆಂದು ಗಿಡ ಅದನ್ನು ಕುಡಿಯಿತು,
ಒಡೆಯಬಾರದೆಂದು ತೊಗಲು ಅದನ್ನು ಬಿಗಿಹಿಡಿಯಿತು.
ನಾವು ಕೇಳಿದ್ದಷ್ಟನ್ನೂ ಮಾಡಿತು.
ಈಗ ಅದೇ ಮಳೆ ಚಿಮಣಿ ಹತ್ತಿ ಮತ್ತೆ ಮೋಡವಾಗಬೇಕು.
ದುಡ್ಡು ಯಾರು ಕೊಡಬೇಕು, ಅಷ್ಟೇ ಜಗಳ.

ಉಳಿದ ಹಣ್ಣನ್ನು ಶೇವಂತಾಬಾಯಿ ಚೀಲದಲ್ಲಿ ಒಯ್ದಳು.
ಮರುದಿನ ಡಬ್ಬಿಯಲ್ಲಿ ಚಟ್ನಿ, ಶೇಂಗಾ ಹಾಕಿದ್ದು, ಚೆನ್ನಾಗಿತ್ತು.
ತಿನ್ನುವಾಗ ಬೈದಳು:
ಎಷ್ಟು ಬತ್ತಿಸಿದರೂ ನೀರೇ,
ಅರ್ಧ ಸಿಲಿಂಡರ್ ಮುಗೀತು, ನಿಮ್ಮ ಮೇಡಮ್ ಕೊಡ್ತಾಳಾ?

ಸಂಜೆ ಬೀರುವಿನಿಂದ ಹಳೆಯ ಪೊಟ್ಟಣದ ತಳಿ ತಂದೆ,
ಚಳಿಗಾಲದಲ್ಲಿ ಆರು ತೋರಿಸುವವನು,
ಮೊದಲ ಮಳೆಗೇ ಮಲಗುವವನು.
ಅವನನ್ನು ಬಿತ್ತಿ, ಹೂ ಬರುವವರೆಗೆ ಕಾದು
ನೂರ ನಲವತ್ತೇಳರ ಮೊಗ್ಗಿನ ಮುಂದೆ ಕೂತಾಗ
ಕೆಂಪು ದಾರದ ಉಂಡೆ ಮುಗಿದಿತ್ತು.
ಗಲ್ಲಿಯ ಗಣಪತಿ ಮಂಟಪದಿಂದ ಉಳಿದದ್ದು ಎಂದು
ಅವಳು ಸೆರಗಿನ ಗಂಟಿನಿಂದ ಹಸಿರು ದಾರ ಬಿಚ್ಚಿದಳು.
ನಾನು ದಾಖಲೆ ಪುಸ್ತಕದ ಅಂಚಿನಲ್ಲಿ ಬರೆದೆ:
ಈ ಸಾಲಿನಲ್ಲಿ
ಹಸಿರು ಅಂದರೂ ಕೆಂಪೇ.