ನಾಳೆ, ನಾಲ್ಕೂ ಹತ್ತಕ್ಕೆ

ಚಿಸ್ತೊಪೋಲ್. ಕಾಮಾ ನದಿ ಇನ್ನೂ ಕರಗಿಲ್ಲ.
ಅಡುಗೆಮನೆ ಮೇಜಿನ ಮೇಲೆ ಬಿಳಿ ಟವೆಲು,
ಅದರ ಮೇಲೆ ಬಿಚ್ಚಿಟ್ಟ ತಿಂಗಳು:
ಮೂವತ್ತೊಂದೂ ದಿನ ಒಂದೇ ಬಳೆಯಲ್ಲಿ.

ಹುಬ್ಬಿನ ಕೂದಲಷ್ಟು ಸ್ಪ್ರಿಂಗು
ಮೂರು ಸಲ ಹಾರಿತು.
ಎರಡು ಸಲ ಸಕ್ಕರೆ ಡಬ್ಬಿಯ ಹಿಂದೆ,
ಮೂರನೆಯ ಸಲ ನನ್ನದೇ ಸ್ವೆಟರಿನ ತೋಳಲ್ಲಿ.
ಉಸಿರು ಬಿಗಿಹಿಡಿದು ಚಿಮಟದಿಂದ ಒತ್ತಿದೆ.
ಕೂತಿತು.

ಈಗ ತಾರೀಕು ತಿರುಗುತ್ತದೆ,
ಆದರೆ ಸಂಜೆ ನಾಲ್ಕೂ ಹತ್ತಕ್ಕೆ.

‘ಮುಳ್ಳು ತಪ್ಪು ಕೂರಿಸಿದ್ದೀಯ ಫಾನಿಸ್,
ಕಿತ್ತು ಹನ್ನೆರಡಕ್ಕೆ ಹಾಕು’ ಅಂದ
ವಾಚಿನ ಕಾರ್ಖಾನೆಯಲ್ಲಿ ಕಣ್ಣು ಸವೆಸಿದ ರಫ್ಕಾತ್.

ಹೂಂ ಅಂದೆ. ಕೀಳಲಿಲ್ಲ.
ಬ್ರೆಡ್ಡಿನ ಒಲೆಯ ರಾತ್ರಿಪಾಳಿಯವನು ನಾನು,
ಏಳುವುದೇ ನಾಲ್ಕಕ್ಕೆ.
ಚಹಾ ಕುದಿಯುವ ಹೊತ್ತಿಗೆ
ಕಿಟಕಿಯಾಚೆ ಊರಿಗೆಲ್ಲ ಹದಿನೇಳು,
ನನ್ನ ಮಣಿಕಟ್ಟಿನಲ್ಲಿ
ಟಕ್ಕೆಂದು
ಹದಿನೆಂಟು.