ಹೆಜ್ಜೆ ಸದ್ದಿನವಳು

ಬರ್‌ಬ್ಯಾಂಕಿನಲ್ಲಿ, ಟೈರು ಅಂಗಡಿಯ ಹಿಂದೆ,
ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ನಾನು
ಇಪ್ಪತ್ತೆರಡು ವರ್ಷದಿಂದ ಬೇರೆಯವರ ಕಾಲಲ್ಲಿ ನಡೆಯುತ್ತೇನೆ.
ಪರದೆಯ ಮೇಲೆ ಅವರು ಹೆಜ್ಜೆಯಿಟ್ಟರೆ ಸದ್ದು ನನ್ನದು.
ಮುರಿಯುವ ಮೂಳೆಗೆ ಸೆಲರಿ ದಂಟು,
ಹಿಮಕ್ಕೆ ತೊಗಲ ಚೀಲದಲ್ಲಿ ಜೋಳದ ಹಿಟ್ಟು,
ಮುತ್ತಿಗೆ
ನನ್ನದೇ ಮುಂಗೈ.

ಈ ಸಲ ಡೆವ್ರಿನ್ ಹೇಲ್.
ನನ್ನ ಮಗಳು ಪಲೋಮಾ ಏಳನೇ ಕ್ಲಾಸಿನಲ್ಲಿ
ಗೋಡೆಗೆ ಅಂಟಿಸಿ, ಹನ್ನೊಂದನೆಯದರಲ್ಲಿ ಕಿತ್ತ ಮುಖ.
ಹಾಡು ಬಿಟ್ಟನಂತೆ. ಮನಸ್ಸಿನ ಆಳಕ್ಕೆ ಇಳಿದನಂತೆ.
ಆಳದ ಉದ್ದ ನೂರಾ ಐವತ್ತೆರಡು ನಿಮಿಷ.

ಕಥೆಯಲ್ಲಿ ಒಬ್ಬ ಗಾಯಕ. ಅವನ ಹೆಸರೂ ಡೆವ್ರಿನ್.
ನಿದ್ದೆಯಿಲ್ಲ. ಹೋಟೆಲಿನ ಕಾರಿಡಾರಲ್ಲಿ ನಡೆಯುತ್ತಾನೆ.
ಕನ್ನಡಿ ನೋಡುತ್ತಾನೆ.
ನಡೆಯುತ್ತಾನೆ.
ಹೆಣ್ಣೊಬ್ಬಳು ಬಂದು, ನಿನ್ನ ನೋವು ಎಷ್ಟು ದೊಡ್ಡದು ಎಂದು
ಒಪ್ಪಿಸಿ ಹೋಗುತ್ತಾಳೆ; ಪಾತ್ರಪಟ್ಟಿಯಲ್ಲಿ
ಅವಳ ಹೆಸರು ‘ಅವಳು’.
ಕನ್ನಡಿಗಳು ಹದಿನೇಳು. ಎಣಿಸಿದ್ದೇನೆ, ಎಣಿಸುವುದು ನನ್ನ ಕಸುಬು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರಲ್ಲ,
ಇಲ್ಲಿ ಹದಿನೇಳು ಕನ್ನಡಿ ತರಿಸಿಟ್ಟುಕೊಂಡು
ಹುಣ್ಣನ್ನು ಹುಡುಕುತ್ತಿದ್ದಾರೆ.

ಬರೆದವನು ಅವನು, ಆಡಿಸಿದವನು ಅವನು, ಆಡಿದವನು ಅವನು.
ಬೇಡ ಎನ್ನಬೇಕಾದವರಿಗೆಲ್ಲ
ಸಂಬಳ ಕೊಟ್ಟವನೂ ಅವನೇ.

ಚೀಟಿ ಬಂತು: ‘ಹೆಜ್ಜೆಯಲ್ಲಿ ಬಾಲ್ಯ ಕೇಳಿಸಬೇಕು.’
ಬಾಲ್ಯ ಎಷ್ಟನೇ ನಂಬರಿನ ಬೂಟು?
ಇಟಲಿಯ ತೊಗಲು ಹಾಕಿ ನಡೆದೆ, ಕ್ಯಾನ್ವಾಸು ಹಾಕಿ ನಡೆದೆ,
ಸತ್ತ ಗಂಡನ ಕೆಲಸದ ಬೂಟೂ ಹಾಕಿ ನಡೆದೆ.
‘ಇನ್ನೂ ಒಳಗಿನಿಂದ’ ಎಂದು ಮತ್ತೊಂದು ಚೀಟಿ.
ಹಿಮ್ಮಡಿ ಊದಿತು. ಐಸು ಕಟ್ಟಿಕೊಂಡೆ.

ಸೆಟ್ಟಿನಲ್ಲಿ ಹಿಡಿದ ಹಸಿ ಧ್ವನಿಯನ್ನು ಆ ರಾತ್ರಿ ಕೇಳುತ್ತಾ ಕೂತೆ.
ಅರವತ್ತೊಂದನೇ ದೃಶ್ಯ. ಸ್ನಾನದ ತೊಟ್ಟಿಯಲ್ಲಿ
ನಾಲ್ಕು ನಿಮಿಷ ಅಳುತ್ತಾನೆ. ಚೆನ್ನಾಗಿ ಅಳುತ್ತಾನೆ,
ಶ್ರುತಿ ತಪ್ಪದೆ.
ಕಟ್ ಅಂದ ಮೇಲೂ ಮೈಕು ತೆರೆದೇ ಇತ್ತು.
ಮೂಗು ಸೀನುವ ಸದ್ದು. ಆಮೇಲೆ ಸಣ್ಣ ದನಿ:
‘ಚೆನ್ನಾಗಿಲ್ಲದಿದ್ದರೆ ಹೇಳಿ, ಹೇಳಬಹುದು.’
ಯಾರೂ ಹೇಳಲಿಲ್ಲ.
ಎಲ್ಲೋ ಫ್ರಿಜ್ಜು ಗುಂಯ್ ಎಂದಿತು.
ಒಂದು, ಎರಡು, ಮೂರು ಸೆಕೆಂಡು.
ಆಮೇಲೆ ಐದಾರು ಬಾಯಿ ಒಟ್ಟಿಗೆ: ‘ಅದ್ಭುತ!’
ಅವನು ‘ಸರಿ’ ಅಂದ. ರಬ್ಬರು ಚಪ್ಪಲಿ ಮೆಟ್ಟಿ
ಊಟದ ಮೇಜಿನ ಕಡೆ ಹೋದ, ಒದ್ದೆ ಕಾಲು,
ಎಡಗಾಲು ಕೊಂಚ ಎಳೆಯುತ್ತಾ,
ಚಪ್... ಸ್ರ್... ಚಪ್...

ಅದನ್ನು ಹನ್ನೆರಡು ಸಲ ಕೇಳಿದೆ.
ಬೆಳಗ್ಗೆ ಕಾರಿಡಾರಿನ ದೃಶ್ಯಕ್ಕೆ
ಇಟಲಿಯ ಬೂಟಿನೊಳಗೇ ಆ ಎಳೆತ ಹಾಕಿ ನಡೆದೆ.
ಈ ಸಲ ಚೀಟಿ ಬರಲಿಲ್ಲ.

ಎರಡನೇ ವಾರ, ಗ್ಲೆಂಡೇಲಿನ ಮಧ್ಯಾಹ್ನದ ಆಟ.
ಏಳು ಜನ, ನಾವಿಬ್ಬರೂ ಸೇರಿ.
ಒಂಬತ್ತನೇ ಕನ್ನಡಿಗೆ ಪಲೋಮಾ ನಕ್ಕಳು,
ಹಿಂದಿನ ಸಾಲಿನವನೂ.
ಕಾರಿಡಾರು ಬಂತು. ನನ್ನ ನಡೆಯ ಮೇಲೆ
ನಲವತ್ತು ಪಿಟೀಲು ಸುರಿದಿದ್ದರು.
ಒಂದೇ ಕಡೆ ಕಮಾನು ತಿರುಗುವ ಚೂರು ಬಿಡುವಿನಲ್ಲಿ
ಎರಡು ಹೆಜ್ಜೆ, ಎಡಗಾಲು ಎಳೆಯುತ್ತಾ.
ಪಲೋಮಾ ಪಾಪ್‌ಕಾರ್ನಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.
‘ಅಮ್ಮಾ, ಅದು ನೀನಾ?’

ಅಲ್ಲ, ಅಂದೆ. ಅದು ಅವನು.